ನೋರಾ ಬಾಗಿಲು ತೆಗೆಯುವ ಹಾಡು

"ಲೇ ಹಂಸಾ, ಇಲ್ನೋಡೆ. ನೋರಾ ಸಾಯೋದು ಕೊನೇ ಹಾಡಲ್ಲಿ."

ಅಪೂರ್ವ ಸಿಡಿಯನ್ನು ತಿರುಗಿಸಿ ಅದರ ಬೆನ್ನ ಮೇಲಿನ ಹಾಡುಗಳ ಪಟ್ಟಿ ತೋರಿಸಿದಳು. ಫೋರ್ಟಿಟ್ಯೂಡ್ ವ್ಯಾಲಿ ಬಡಾವಣೆಯ ಆ ಪುಟ್ಟ ರೆಕಾರ್ಡ್ ಅಂಗಡಿಯಲ್ಲಿ ಜನ ಆಗಲೇ ನೆಲದ ಮೇಲೆ ಕೂತಿದ್ದರು. ಇಪ್ಸ್‌ವಿಚ್‌ನ ಜಾನಪದ ಗಾಯಕ ಲೆನ್ ಟ್ರೆಲೋರ್ ಅವರ ಹೊಸ ಆಲ್ಬಮ್ ಬಿಡುಗಡೆ. ಹೊರಗಿನ ಗಾಜಿನ ಮೇಲೆ, ಕಾಲೇಜು ಪತ್ರಿಕೆಗೆ ಹಂಸಾ ಬರೆದ ವಿಮರ್ಶೆಯ ಸಾಲನ್ನೇ ದೊಡ್ಡದಾಗಿ ಅಂಟಿಸಿದ್ದರು: 'ಮೂರನೆಯ ಹಾಡಿನಲ್ಲಿ ಮಣ್ಣಾದ ಹೆಂಡತಿ ನೋರಾ ಹತ್ತನೆಯ ಹಾಡಿನಲ್ಲಿ ಒದ್ದೆ ಕೂದಲು ಒರೆಸಿಕೊಳ್ಳುತ್ತ ಬಾಗಿಲು ತೆಗೆಯುತ್ತಾಳೆ. ಸಾವನ್ನೇ ಹಿಂದಕ್ಕೆ ತಿರುಗಿಸುವ ಧೈರ್ಯ!'

ಹಂಸಾ ಬಗ್ಗಿ ಓದಿದಳು. ಸಿಡಿಯ ಬೆನ್ನಿನ ಮೇಲೆ ಬಾಗಿಲು ತೆಗೆಯುವ ಹಾಡು ಮೊದಲನೆಯದು. ಹಾಡಿನ ಗಂಡಹೆಂಡಿರು ಒಬ್ಬರನ್ನೊಬ್ಬರು ಮೊದಲು ಕಂಡ ದಿನದ ಹಾಡು. ಮಣ್ಣು ಮಾಡುವ ಹಾಡು ಕೊನೆಯದು. ಅವಳು ಆಲ್ಬಮನ್ನು ಕೇಳಿದ್ದು ಫೋನಿನಲ್ಲಿ, ಒಂದೇ ಸಲ, ರೈಲಿನಲ್ಲಿ. ಹಾಡುಗಳನ್ನು ಇಸ್ಪೀಟೆಲೆಯಂತೆ ಕಲೆಸಿಬಿಡುವ ಶಫಲ್ ಬಟನ್ ಆನ್ ಆಗಿದ್ದನ್ನು ನೋಡಿರಲೇ ಇಲ್ಲ. ಹತ್ತೂ ಹಾಡುಗಳನ್ನು ಅದೇ ಕ್ರಮದಲ್ಲಿ ಕೊಂಡಾಡಿ, ಫೋನಿನಲ್ಲೇ ಟೈಪ್ ಮಾಡಿ, ಸ್ಟೇಷನ್ ಬರುವಷ್ಟರಲ್ಲಿ ಕಳಿಸಿಬಿಟ್ಟಿದ್ದಳು. ಅದನ್ನು ಮೆಚ್ಚಿಯೇ ಎಡಿಟರ್ ಅವಳನ್ನು ಅಡಿಲೇಡಿನ ಸಂಗೀತೋತ್ಸವಕ್ಕೆ ಕಳಿಸುವುದಾಗಿ ನಿನ್ನೆ ಹೇಳಿದ್ದ.

"ನೋರಾನ ಯಮನ ಕೈಯಿಂದ ಬಿಡಿಸ್ಕೊಂಡ್ ಬಂದಿದೀಯಲ್ಲೇ," ಎಂದು ಅಪೂರ್ವ ನಗಲು ಹೊರಟಳು.

"ಸುಮ್ನಿರೆ. ಹಾಡಿನ ಕಥೆ ತಾನೇ. ಯಾರ್ ಕೇಳ್ತಾರೆ?"

ಅಪೂರ್ವ ಡಬ್ಬಿ ಬಿಚ್ಚಿ ಒಳಗಿನ ಸಣ್ಣಕ್ಷರ ಓದಿದಳು. ನಗು ಅಲ್ಲೇ ನಿಂತಿತು. "ಕಥೆ ಅಲ್ಲ ಕಣೆ. ನೋರಾ ಇವರ ಹೆಂಡ್ತಿ. ಹೋದ ವರ್ಷ ತೀರ್ಕೊಂಡಿದಾರೆ."

ಬ್ಯಾಂಜೊದ ತಂತಿ ಬಿಗಿಯುತ್ತಿದ್ದ ಲೆನ್ ತಲೆಯೆತ್ತಿ ಇವರತ್ತ ನೋಡಿದರು. ಬ್ಯಾಂಜೊ ಕೆಳಗಿಟ್ಟು, ಕೂತವರ ನಡುವೆ ದಾರಿ ಮಾಡಿಕೊಂಡು ನೇರವಾಗಿ ಬಂದರು. ಅರವತ್ತು ದಾಟಿದ ಎತ್ತರದ ಮನುಷ್ಯ. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

"ಹಂಸಾ ಅಂದರೆ ನೀನೇ ಏನು?"

ಅವಳು ತಲೆಯಾಡಿಸಿದಳು.

"ನೀನು ಬೇಕೆಂದೇ ಹಾಡುಗಳ ಕ್ರಮ ಬದಲಿಸಿದ್ದೀಯಂತೆ. ವಿಮರ್ಶಕರ ಜಾಣತನ ಅದು ಅಂತ ಅಂಗಡಿಯವನು ಹೇಳುತ್ತಾನೆ. ನಿಜವಾ?"

"ಹೂಂ ಅಂದ್ಬಿಡೆ," ಅಪೂರ್ವ ಪಕ್ಕದಿಂದ ಕನ್ನಡದಲ್ಲಿ ಗೊಣಗಿದಳು. "ಅಡಿಲೇಡ್ ನೆನಪಿರ್ಲಿ."

ಹೂಂ ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಹಂಸಾ ಅವರ ಬೆರಳನ್ನು ನೋಡಿದಳು. ಉಂಗುರ ಇನ್ನೂ ಇತ್ತು.

"ಇಲ್ಲ ಅಂಕಲ್." ಇಂಗ್ಲಿಷಿನ ನಡುವೆ ಆ ಅಂಕಲ್ ತಾನಾಗಿ ಬಂದುಬಿಟ್ಟಿತು. "ಶಫಲ್ ಆನ್ ಇತ್ತು. ನಾನು ನೋಡ್ಲಿಲ್ಲ. ಒಂದೇ ಸಲ ಕೇಳಿ ಬರೆದೆ. ನೋರಾ ನಿಮ್ಮ ಹೆಂಡತಿ ಅಂತ ಗೊತ್ತಾಗಿದ್ದೇ ಈಗ."

"ನಿನ್ನ ಎಡಿಟರ್‌ಗೆ ಗೊತ್ತಾ?"

"ಇಲ್ಲ. ಈಗ್ಲೇ ಹೇಳ್ತೀನಿ."

ಫೋನ್ ತೆಗೆದಳು. ರೈಲಿನಲ್ಲಿ ಇಡೀ ವಿಮರ್ಶೆ ಬಡಿದು ಮುಗಿಸಿದ್ದ ಹೆಬ್ಬೆರಳಿಗೆ ಈಗ ಎರಡು ಸಾಲು ಬರೆಯಲು ಆಗುತ್ತಿರಲಿಲ್ಲ. ಅಳಿಸಿದಳು, ಮತ್ತೆ ಬರೆದಳು. ಲೆನ್ ಅಲ್ಲಾಡದೆ ನಿಂತಿದ್ದರು. ಕಳಿಸಿ, ಪರದೆಯನ್ನು ಅವರ ಕಡೆ ತಿರುಗಿಸಿದಳು. ಅವರು ನೋಡಲಿಲ್ಲ.

"ಓದಿದ ದಿನ ನಿನ್ನನ್ನು ಹುಡುಕಿಕೊಂಡು ಬರಬೇಕು ಅನ್ನುವಷ್ಟು ಸಿಟ್ಟು ಬಂದಿತ್ತು," ಎಂದರು. "ಎಷ್ಟು ಹಾಳು ಮಾಡಿದ್ದೀಯ ನೋಡೋಣ ಅಂತ, ನೀನು ಬರೆದ ಕ್ರಮದಲ್ಲೇ ಹಾಕಿ ಕೇಳಿದೆ. ಅಡುಗೆಮನೆಯಲ್ಲಿ ಕೂತು..."

ಮಾತು ಮುಗಿಸದೆ ಹೋಗಿ ಬ್ಯಾಂಜೊ ಎತ್ತಿಕೊಂಡರು.

ಅಪೂರ್ವ ಸಿಡಿಯ ಬೆನ್ನ ಮೇಲೆ ಬೆರಳಿಟ್ಟು ಕಾದಳು. ಶುರುವಾದದ್ದು ಬಾಗಿಲ ಹಾಡಲ್ಲ. ಪಟ್ಟಿಯ ಎರಡನೆಯದೂ ಅಲ್ಲ. ಮೂರನೆಯ ಹಾಡಿನಲ್ಲಿ ಲೆನ್ ನೋರಾಳನ್ನು ಮಣ್ಣು ಮಾಡಿದಾಗ ಅಪೂರ್ವ ಬೆರಳು ತೆಗೆದು ಹಂಸಾಳ ಮೊಣಕೈ ಹಿಡಿದುಕೊಂಡಳು. ಹಂಸಾಳ ಜೇಬಿನಲ್ಲಿ ಫೋನ್ ಅದುರಿತು. ಎಡಿಟರ್ ಇರಬೇಕು. ಅವಳು ತೆಗೆಯಲಿಲ್ಲ.

ಒಂಬತ್ತು ಹಾಡು ಮುಗಿದವು. ಉಳಿದದ್ದು ಬಾಗಿಲು ತೆಗೆಯುವ ಹಾಡೊಂದೇ. ಲೆನ್ ಎದ್ದರು. ಮೈಕ್ ಪಕ್ಕಕ್ಕೆ ಸರಿಸಿ, ಕುರ್ಚಿಯನ್ನು ಬೀದಿಯ ಬಾಗಿಲ ಕಡೆಗೆ ತಿರುಗಿಸಿಕೊಂಡು ಕೂತರು.