ಎಡಬದಿಯ ಗೀರುಗಳು

ಲಿಗೋರಿ ಕಾರಿನ ಗೇರ್ ಹಿಡಿಯ ಬುಡದ ಹಳೆಯ ಚರ್ಮದ ಹೊದಿಕೆಯನ್ನು ಬಿಚ್ಚಿ ಬೆಳಕಿಗೆ ಹಿಡಿದ. ಕಾರುಗಳಿಗೆ ಚರ್ಮ ಹೊಲಿಯುವುದರಲ್ಲಿ ಅವನಿಗೆ ಮೂವತ್ತು ವರ್ಷದ ಅನುಭವ.

"ಇದು ಸವೆದು ಹರಿದದ್ದಲ್ಲ ಸರ್. ಯಾರೋ ಉಗುರಿನಿಂದ ಪರಚಿದ್ದಾರೆ. ಅದೂ ಎಡಗಡೆ ಮಾತ್ರ."

"ಅಂದರೆ?" ಪದ್ಮರಾಜ ಕೇಳಿದ.

"ಓಡಿಸುವವರ ಕೈ ಗೇರಿನ ಮೇಲಿರ್ತದೆ. ಇದು ಪಕ್ಕದ ಸೀಟಿನವರ ಕೆಲಸ. ಗೀರುಗಳ ನಡುವಿನ ಅಂತರ ನೋಡಿ, ಗಂಡಸಿನ ಕೈ."

ಅದು ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ಪದ್ಮರಾಜನ ಹೆಂಡತಿಯದು. ಭಾನುವಾರ ಇಬ್ಬರೂ ಸುತ್ತಾಡುತ್ತಿದ್ದರು. ಉಳಿದ ದಿನ ಅವಳು ಒಬ್ಬಳೇ ಕೆಲಸಕ್ಕೆ ಹೋಗಿಬರುತ್ತಿದ್ದಳು, ಅಥವಾ ಹಾಗೆಂದು ಹೇಳುತ್ತಿದ್ದಳು. ಪದ್ಮರಾಜ ಗೀರುಗಳನ್ನು ಎರಡು ಸಲ ಎಣಿಸಿದ.

ಸಂಜೆ ಹೊಸ ಹೊದಿಕೆ ಹಾಕಿಸಿಕೊಂಡ ಕಾರನ್ನು ಅವಳೇ ಹೆದ್ದಾರಿಗೆ ತಂದಳು. ಅವನು ಪಕ್ಕದಲ್ಲಿ ಕೂತಿದ್ದ.

"ಇಲ್ಲಿ ಯಾರನ್ನು ಕೂರಿಸ್ಕೊಂಡು ಹೋಗ್ತಿ ನೀನು?"

"ಯಾರನ್ನೂ ಇಲ್ಲ."

"ಸುಳ್ಳು ಬೇಡ. ಗೀರು ನಾನೇ ನೋಡಿದ್ದೇನೆ. ಹೆಸರು ಹೇಳದಿದ್ದರೆ ಇವತ್ತೇ ಮನೆ ಬಿಟ್ಟು ಹೋಗ್ತೇನೆ."

"ಮೊದಲು ಈ ಲಾರಿಯನ್ನು ಹಿಂದೆ ಹಾಕ್ಲಿಕ್ಕೆ ಬಿಡಿ ಮಾರಾಯ್ರೇ."

ಅವಳು ಮೂರನೇ ಗೇರಿಗೆ ಇಳಿಸಿ ವೇಗ ಹೆಚ್ಚಿಸಿದಳು. ಲಾರಿಯ ಚಕ್ರಗಳು ಅವನ ಕಿಟಕಿಗೆ ಒಂದು ಮೊಳ ದೂರದಲ್ಲಿ ಹಿಂದೆ ಸರಿದವು. ಎದುರಿನಿಂದ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಬರುತ್ತಿತ್ತು.

"ಯಾರವನು?" ಪದ್ಮರಾಜ ಕಿರುಚಿದ.

"ಹೇಳ್ತೇನೆ. ಆ ಹೊಸ ಚರ್ಮದಿಂದ ನಿಮ್ಮ ಉಗುರು ತೆಗೀರಿ."