ಅಮ್ಮನಿಗೆ ಬಂದ ಗುಂಗುರು

ಬಾಚಣಿಗೆ ಕಿವಿಯ ಮೇಲೆ ಸಿಕ್ಕಿಕೊಂಡು ನಿಂತಿತು. ಅಮ್ಮ ಎಳೆದಳು, ಅದರ ಒಂದು ಹಲ್ಲು ಲಟಕ್ಕನೆ ಮುರಿದು ಸಿಂಕಿಗೆ ಬಿತ್ತು. ಕ್ಯಾನ್ಸರ್ ಚಿಕಿತ್ಸೆಗೆ ಉದುರಿಹೋದದ್ದು ರೇಷ್ಮೆಯಂಥ ನೇರ ಕೂದಲು. ಮತ್ತೆ ಹುಟ್ಟಿದ್ದು ಮಗಳ ತಲೆಯಲ್ಲಿರುವಂಥದೇ ಗುಂಗುರು. ಕನ್ನಡಿಯಲ್ಲಿ ಅದನ್ನು ಯಾರದೋ ತಲೆಯೆಂಬಂತೆ ನೋಡುತ್ತ ನಿಂತಳು. ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ.

“ಒಣಗಿದ್ದಾಗ ಬಾಚ್ತಾರೇನಮ್ಮಾ? ಇಲ್ಲಿ ಕೊಡು,” ಎಂದು ಮಗಳು ಬಾಚಣಿಗೆ ಕಿತ್ತುಕೊಂಡಳು. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಚಿಮುಕಿಸಿ, ಕಂಡೀಷನರ್ ಸವರಿ, ತುದಿಯಿಂದ ಮೇಲಕ್ಕೆ ಬೆರಳಲ್ಲೇ ಒಂದೊಂದಾಗಿ ಸಿಕ್ಕು ಬಿಡಿಸತೊಡಗಿದಳು. ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಶಾಲೆಗೆ ಹೋಗುವಾಗ ಅಮ್ಮ ದಿನಾ ಬೆಳಿಗ್ಗೆ ಅವಳನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, “ಹಾಳಾದ್ ಪೊದೆ, ಯಾರ ಕಡೆಯಿಂದ ಬಂತೋ ನಿಂಗೆ!” ಎನ್ನುತ್ತ ಬುಡದಿಂದಲೇ ಎಳೆದು ಬಾಚುತ್ತಿದ್ದಳು. ಹುಡುಗಿ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದಳು.

“ನೋವಾಗ್ತಿದ್ಯಾಮ್ಮಾ?” ಬೆರಳು ನಿಲ್ಲಿಸಿ ಮಗಳು ಕೇಳಿದಳು.

ಹಾಗೆಂದು ಅಮ್ಮ ಅವಳನ್ನು ಒಂದು ದಿನವೂ ಕೇಳಿದವಳಲ್ಲ. ತಲೆ ಒಂದಿಷ್ಟೂ ನೋಯುತ್ತಿರಲಿಲ್ಲ.

“ಹೂಂ, ಆಗ್ತಿದೆ,” ಎಂದಳು.