ಬಿಟ್ಟ ಎರಡು ಪದ

“ಡಾಕ್ಟ್ರು ಐದು ಪದ ಹೇಳ್ತಾರೆ. ಎರಡನ್ನ ಮರೆತುಬಿಡು,” ಎಂದ ಯಾರ್ಕೊ, ಸ್ಕೇಟಿನ ದಾರ ಬಿಗಿಯುತ್ತ. “ಒಂದು ಮರೆತ್ರೆ ಸಾಲ್ದು. ಮೂರು ಮರೆತೆಯೋ, ತಲೆ ಸ್ಕ್ಯಾನ್ ಮಾಡ್ಸು ಅಂತ ಆಸ್ಪತ್ರೆಗೆ ಅಟ್ತಾರೆ.”

ಪಕ್ಕದಲ್ಲಿ ಕುಳಿತಿದ್ದ ಓಸ್ಕು ನಕ್ಕ. ಈ ಬೇಸಿಗೆಯಲ್ಲಿ ಬೇರೊಂದು ಐಸ್ ಹಾಕಿ ತಂಡದಿಂದ ಹೊಸದಾಗಿ ಬಂದ ಗೋಲ್‌ಕೀಪರ್ ಅವನು. “ನಿನ್ ತಲೇಲಿ ಇಷ್ಟೆಲ್ಲ ಇದೆ ಅಂತ ಯಾರಿಗ್ ಗೊತ್ತಿತ್ತು ಮಾರಾಯ.”

“ಇರೋದ್ರಿಂದಾನೇ ಇನ್ನೂ ಆಡ್ತಿದೀನಿ.”

ಸೆಪ್ಟೆಂಬರಿನಲ್ಲಿ, ಪಂದ್ಯಗಳು ಶುರುವಾಗುವ ಮುನ್ನ, ತಂಡದ ಡಾಕ್ಟರು ಪ್ರತಿ ಆಟಗಾರನ ನೆನಪನ್ನೂ ಮೈಯ ಸಮತೋಲನವನ್ನೂ ಪರೀಕ್ಷಿಸುತ್ತಾರೆ. ಮುಂದೆ ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೊಮ್ಮೆ. ಮೊದಲಿಗಿಂತ ಕೆಟ್ಟದಾಗಿ ಮಾಡಿದವನು ಮನೆಗೆ. ಆದ್ದರಿಂದ ಜಾಣರು ಮೊದಲ ಪರೀಕ್ಷೆಯಲ್ಲೇ ದಡ್ಡರಾಗುತ್ತಾರೆ. ಆಮೇಲೆ ಜನವರಿಯಲ್ಲಿ ತಲೆ ಗಿರ್ರೆಂದರೂ ಯಾರಿಗೂ ಸುಳಿವು ಸಿಗುವುದಿಲ್ಲ.

ಈ ವಿದ್ಯೆಯಲ್ಲಿ ಯಾರ್ಕೊನನ್ನು ಮೀರಿಸಿದವರು ಫಿನ್ಲೆಂಡಿನ ಯಾವ ತಂಡದಲ್ಲೂ ಇರಲಿಲ್ಲ. ಅವನು ಗೋಲು ಹೊಡೆದದ್ದು ಕಡಿಮೆ, ಪೆಟ್ಟು ತಿಂದದ್ದು ಹೆಚ್ಚು. ಅವನ ಕಸುಬೇ ಅದು. ಎದುರಾಳಿಯನ್ನು ಐಸ್ ಅಂಕಣದ ಅಂಚಿನ ಹಲಗೆಗೆ ಅಪ್ಪಳಿಸಬೇಕು, ಜೊತೆಗೆ ತಾನೂ ಅಪ್ಪಳಿಸಿಕೊಳ್ಳಬೇಕು. ಜನ ಎದ್ದು ನಿಂತು ಅವನ ಹೆಸರು ಕೂಗುತ್ತಿದ್ದರು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬೇಕಾಗಿದ್ದದ್ದು ಹೆಂಡತಿ ಪಿಲ್ವಿಗೆ. ಜುಲೈಯಿಂದ ಕಾರಿನ ಬೀಗದ ಕೈ ಅವಳ ಬಳಿಯೇ ಇತ್ತು. ಅವತ್ತು ಬೆಳಿಗ್ಗೆ ಅವನನ್ನು ಪರೀಕ್ಷೆಗೆ ಕರೆತರುವಾಗಲೂ ದಾರಿಯುದ್ದಕ್ಕೂ ಅದೇ ಮಾತಾಗಿತ್ತು.

“ಸೌನಾ ಸ್ನಾನದ ಕೋಣೇಲಿ ಒಲೆ ಉರಿಯೋಕೆ ಬಿಟ್ಟು ಮೀನು ಹಿಡಿಯೋಕೆ ಹೋದೆ. ಮಗಳನ್ನ ನಿನ್ ತಂಗಿ ಹೆಸರಲ್ಲಿ ಕರೀತೀಯ.”

“ಎಲ್ರೂ ಮರೀತಾರೆ ಕಣೇ.”

“ಹಾಗಾದ್ರೆ ಇದೊಂದ್ಸಲ ಪರೀಕ್ಷೆ ನಿಜವಾಗಿ ಮಾಡು. ನಿನ್ ಕಣ್ಣುಕಟ್ಟು ಬೇಡ. ಚೆನ್ನಾಗಿ ಬಂದ್ರೆ ಆಡು, ನಾನು ತುಟಿ ಬಿಚ್ಚಲ್ಲ. ಕೆಟ್ಟದಾಗಿ ಬಂದ್ರೆ ಆಟ ಬಿಟ್ಟು ಸ್ಕೇಟು ಮೊಳೆಗೆ ನೇತುಹಾಕು.”

“ಆಯ್ತು. ಮಗಳಾಣೆ.”

ಪಿಲ್ವಿ ನಂಬಲಿಲ್ಲ. ಅವನ ಆಣೆಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು.

“ಬಾರಯ್ಯ ನಾಟಕದವನೇ,” ಎಂದು ಡಾಕ್ಟರ್ ಸಲೋವಾರಾ ಬಾಗಿಲು ತೆರೆದರು. ತಂಡಕ್ಕೆ ಯಾರ್ಕೊ ಬೇಕು. ತಂಡಕ್ಕೆ ಬೇಕಾದದ್ದು ಡಾಕ್ಟರಿಗೂ ಬೇಕು. ಯಾರು ನಿಜವಾಗಿ ಮರೆಯುತ್ತಾರೆ, ಯಾರು ಮರೆತಂತೆ ಮಾಡುತ್ತಾರೆ ಎಂದು ಕೆದಕುವ ಚಾಳಿ ಅವರಿಗಿರಲಿಲ್ಲ.

“ಸೇಬು, ದೀಪ, ಮೊಣಕೈ, ಕುದುರೆ, ಕಂಬಳಿ. ಆಮೇಲೆ ಕೇಳ್ತೀನಿ. ಈಗ ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತ್ಕೊ.”

ಯಾರ್ಕೊ ನಿಂತ. ಎತ್ತಿದ ಕಾಲು ನೆಲಕ್ಕೆ ತಾಗಿತು. ಮತ್ತೆ ನಿಂತ, ಮತ್ತೆ ತಾಗಿತು. “ಥೂ ದರಿದ್ರ,” ಎಂದು ತನ್ನ ಕಾಲನ್ನೇ ಬೈದ.

“ಸಾಕು ಸಾಕು, ಅತಿ ಮಾಡ್ಬೇಡ. ಪದ ಹೇಳು.”

“ಸೇಬು. ದೀಪ.” ಅವನು ಕಿಟಕಿಯತ್ತ ನೋಡಿದ. ಹಣೆ ಉಜ್ಜಿಕೊಂಡ. “ಮೊಣಕೈ.”

ಡಾಕ್ಟರು ಕಾದರು. ಪೆನ್ನಿನಿಂದ ಮೇಜು ಕುಟ್ಟಿದರು.

“ಅಷ್ಟೇ,” ಎಂದ ಯಾರ್ಕೊ.

“ಅಷ್ಟೇ ಅಂತ ನಂಗೂ ಗೊತ್ತು.” ಅವರು ಕಂಪ್ಯೂಟರಿನಲ್ಲಿ ಹಿಂದಿನ ವರ್ಷದ್ದನ್ನು ತೆಗೆದು ನೋಡಿ ನಗತೊಡಗಿದರು. “ಹೋದ್ ವರ್ಷ ಬಂದಷ್ಟೇ ಬಂದಿದೆ. ಕೂದಲೆಳೆ ವ್ಯತ್ಯಾಸ ಇಲ್ಲ. ಮೊದ್ಲಿಂದ ಸಾಚಾ ಆಗಿದ್ದು ಈಗ ಇಷ್ಟಕ್ಕೆ ಇಳಿದಿದ್ರೆ, ಇವತ್ತೇ ನಿನ್ನ ಆಟ ಮುಗೀತಿತ್ತು. ನಿನ್ ಕಳ್ಳಬುದ್ಧಿ ನಿನ್ನ ಕಾಪಾಡ್ತು ನೋಡು.”

“ಈ ಸಲ ನಿಜವಾಗೇ ಮಾಡಿದೆ ಡಾಕ್ಟ್ರೇ.”

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಪ್ರತಿ ವರ್ಷ ಇದೇ ಮಾತು. ಹೋಗು, ಹೋಗಿ ಯಾರನ್ನಾದ್ರೂ ಹಲಗೆಗೆ ಅಪ್ಪಳಿಸು.”

ಯಾರ್ಕೊನೂ ನಕ್ಕ. ಡಾಕ್ಟರು ಸಹಿ ಹಾಕಿದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಓಸ್ಕು ಹುಬ್ಬೇರಿಸಿದ. ಯಾರ್ಕೊ ಎರಡು ಬೆರಳು ಎತ್ತಿ ತೋರಿಸಿದ. ಇಡೀ ಕೋಣೆ ಕೋಲುಗಳಿಂದ ನೆಲ ಕುಟ್ಟಿ ಅವನನ್ನು ಹೊಗಳಿತು.

ಅಭ್ಯಾಸ ಮುಗಿದಾಗ ಪಿಲ್ವಿ ಕಾರಿನಲ್ಲಿ ಕಾಯುತ್ತಿದ್ದಳು.

“ಏನಾಯ್ತು?”

“ಹೋದ್ ವರ್ಷದಷ್ಟೇ.”

“ಅಂದ್ರೆ ಮತ್ತೆ ಮೋಸ ಮಾಡಿದೆ.”

ಅವನು ಸೀಟಿನ ಬೆಲ್ಟು ಸಿಕ್ಕಿಸಿಕೊಂಡ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

“ಹೂಂ. ಮಾಡಿದೆ.”

“ಮಗಳ ಮೇಲೆ ಆಣೆ ಇಟ್ಟು.”

“ಹೂಂ.”

ಪಿಲ್ವಿಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳುಬುರುಕ, ನಾಚಿಕೆಗೆಟ್ಟವನು ಎಂದು ಬಾಯಿಗೆ ಬಂದಂತೆ ಬೈದಳು. ಬೈಯುತ್ತ ಬೈಯುತ್ತ, ಬೇಸಿಗೆಯಿಂದ ಎದೆ ಮೇಲೆ ಕುಳಿತಿದ್ದ ಭಾರ ತುಸು ಇಳಿದದ್ದು ಅವಳಿಗೇ ಗೊತ್ತಾಯಿತು.

“ಇಷ್ಟು ಲೆಕ್ಕ ಹಾಕಿ ಮೋಸ ಮಾಡೋನಿಗೆ ತಲೆ ಚೆನ್ನಾಗೇ ಇದೆ ಬಿಡು,” ಎಂದಳು. “ಆಡ್ಕೊಂಡು ಸಾಯಿ. ಇನ್ನು ನಾನು ಕೇಳಲ್ಲ.”

“ಸರಿ,” ಎಂದ ಯಾರ್ಕೊ.

ಊರಾಚೆಯ ಹೊಲದಲ್ಲಿ ಒಂದು ಕುದುರೆ ಮೇಯುತ್ತಿತ್ತು. ಚಳಿಗಾಳಿ ಎದ್ದಿದ್ದರಿಂದ ಯಾರೋ ಅದರ ಬೆನ್ನಿಗೆ ಕಂಬಳಿ ಹೊದಿಸಿದ್ದರು. ಯಾರ್ಕೊ ಕತ್ತು ತಿರುಗಿಸಿ, ಅದು ಮರೆಯಾಗುವವರೆಗೂ ನೋಡಿದ. ಅವನ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು.

ಸೇಬು, ದೀಪ, ಮೊಣಕೈ. ಉಳಿದ ಎರಡು ಪದಗಳಿಗಾಗಿ ಅವನು ಬೆಳಿಗ್ಗೆಯಿಂದ ತಡಕಾಡುತ್ತಲೇ ಇದ್ದ.